ಹತ್ತೊಂಬತ್ತನೇ ನಂಬರಿನ ಅಂಗಿ

ನನ್ನ ಹೊಟ್ಟೇಲಿ ಮಾತು ನಿಲ್ಲೋದಿಲ್ಲ. ನಮ್ಮೂರು ಕಾಸ್ತ್ರೊಮಾರ್‌ನಲ್ಲಿ ಯಾರನ್ನ ಬೇಕಾದ್ರೂ ಕೇಳಿ. ಮೀನು ಮಾರ್ಕೆಟ್ಟಿನವರು, ಪಾದ್ರಿಗಳು, ಬಂದುಹೋದ ಹದಿನಾಲ್ಕು ಜನ ಕೋಚ್‌ಗಳು, ಎಲ್ಲರೂ ಒಂದಲ್ಲ ಒಂದು ದಿನ ನನ್ನ ಬಾಯಿಗೆ ಸಿಕ್ಕಿದವರೇ. ಅಂಥ ನಾನು ಒಂದೇ ಒಂದು ಮಾತನ್ನ ಆರು ತಿಂಗಳು ನುಂಗಿಕೊಂಡು ಕೂತಿದ್ದೆ. ಅದನ್ನ ಹೇಳೋಕೆ ನಂಗೇನೂ ಖುಷಿಯಿಲ್ಲ. ಆದ್ರೂ ಹೇಳ್ತೀನಿ, ಯಾಕಂದ್ರೆ ಆ ವರ್ಷದ ಕತೆಯನ್ನ ಊರಲ್ಲಿ ಎಲ್ಲರೂ ಗೋಲುಗಳ ಲೆಕ್ಕದಲ್ಲೇ ಹೇಳ್ತಾರೆ, ಅಮಾರೊ ವಿಷಯ ಯಾರೂ ಎತ್ತೋದಿಲ್ಲ.

ನಾನು ಬಾಲ್ಬಿನಾ. ನಮ್ಮ ಊರಿನ ಯೂನಿಯನ್ ಫುಟ್‌ಬಾಲ್ ಕ್ಲಬ್ಬಿನ ಬಟ್ಟೆ ನೋಡ್ಕೊಳ್ಳೋಳು. ಇಪ್ಪತ್ತೆಂಟು ವರ್ಷದಿಂದ ಕಂದು ಬಿಳಿ ಪಟ್ಟೆಯ ಅಂಗಿಗಳನ್ನ ಒಗೆದು, ಒಣಗಿಸಿ, ಮ್ಯಾಚಿನ ದಿನ ಒಳಗಡೆ ಕೊಕ್ಕೆಗೆ ನೇತುಹಾಕೋದು ನನ್ನ ಕೆಲಸ. ನಮ್ಮ ಗಲೀಸಿಯಾ ಸೀಮೆಯ ಮಳೇಲಿ ಬಟ್ಟೆ ಒಣಗಿಸೋದು ಅಂದ್ರೆ ಏನು ಅಂತ ಒಣಗಿಸಿದವರಿಗೇ ಗೊತ್ತು. ಸಾರ್ಡಿನ್ ಮೀನಿನ ಡಬ್ಬಿ ಕಾರ್ಖಾನೆಯ ಕೂಲಿಗಳು ಕಟ್ಟಿದ ಕ್ಲಬ್ಬು ನಮ್ಮದು. ಬೇರೆ ಊರಿನವರು ನಮ್ಮನ್ನ ‘ಸಾರ್ಡಿನ್‌ಗಳು’ ಅಂತ ಆಡಿಕೊಳ್ತಾರೆ. ಆಡಿಕೊಳ್ಳಲಿ, ವಾಸನೆ ನಮಗೆ ರೂಢಿಯಾಗಿದೆ.

ಅಮಾರೊ ಅಂದ್ರೆ ಟೀಮಿನ ಪ್ರತಿನಿಧಿ. ಪ್ರತಿ ಮ್ಯಾಚಿಗೂ ಮುಂಚೆ ಆಟಗಾರರ ಪಟ್ಟಿಯನ್ನ ರೆಫರಿ ಕೈಗೆ ಕೊಡೋನು ಅವನು. ಯಾರಿಗೆ ಎಷ್ಟು ಹಳದಿ ಕಾರ್ಡ್ ಆಗಿದೆ, ಯಾರು ಒಂದು ಮ್ಯಾಚ್ ಹೊರಗೆ ಕೂರಬೇಕು, ಎಲ್ಲ ಅವನ ನೋಟ್‌ಬುಕ್ಕಲ್ಲಿ ಇರ್ತಿತ್ತು. ಕಾರ್ಖಾನೇಲಿ ಗುಮಾಸ್ತನಾಗಿದ್ದವನು, ಅರವತ್ತೇಳು ವರ್ಷ, ಟೈ ಇಲ್ಲದೆ ನಾನು ಅವನನ್ನ ನೋಡಿದ್ದೇ ಇಲ್ಲ. ನಮ್ಮಿಬ್ಬರದೂ ಒಂದು ಪದ್ಧತಿ ಇತ್ತು. ಮ್ಯಾಚಿನ ದಿನ ಅವನು ಬಾಗಿಲಲ್ಲಿ ನಿಂತು ಪಟ್ಟಿ ನೋಡಿ ನಂಬರ್ ಕೂಗೋನು, ನಾನು ಅಂಗಿ ಎತ್ತಿ ಹೆಸರು ಕೂಗ್ತಿದ್ದೆ.

“ಒಂದು.”

“ಉಷಿಯೊ. ಬಲಗೈ ಹೆಬ್ಬೆರಳು ನೋವು ಅಂತಿದ್ದ.”

“ಬೇರೆ ಏನಾದ್ರೂ ಇದ್ಯಾ?”

“ಇಲ್ಲ.”

“ಎರಡು.”

ಹೀಗೆ ಇಪ್ಪತ್ತಮೂರು ಜನದ್ದೂ. ಹುಡುಗರು ಡಾಕ್ಟರಿಗೆ ಹೇಳದೇ ಇರೋದನ್ನ, ಕೋಚಿಗೆ ಹೇಳದೇ ಇರೋದನ್ನ, ಕಾಲುಚೀಲ ಬಿಚ್ಚಿ ಕೊಡುವಾಗ ನನ್ನ ಹತ್ರ ಹೇಳ್ತಿದ್ರು. ಅದು ಅಮಾರೊಗೆ ಗೊತ್ತಿತ್ತು. ಅದಕ್ಕೇ ಪ್ರತಿ ಹೆಸರಿಗೂ “ಬೇರೆ ಏನಾದ್ರೂ ಇದ್ಯಾ” ಅಂತ ಕೇಳೋನು. ಇಪ್ಪತ್ತೆಂಟು ವರ್ಷ ಒಂದು ಮ್ಯಾಚಿಗೂ ಇದು ತಪ್ಪಿರ್ಲಿಲ್ಲ.

ಆ ವರ್ಷ ನಾವು ಯುರೋಪಿಗೆ ಹೋದ್ವಿ. ಹಿಂದಿನ ವರ್ಷ ಲೀಗಿನಲ್ಲಿ ಏಳನೇ ಸ್ಥಾನಕ್ಕೆ ಬಂದು, ಯುರೋಪಿನ ಮೂರನೇ ದರ್ಜೆ ಟೂರ್ನಿಗೆ ಜಾಗ ಸಿಕ್ಕಿತ್ತು. ಊರಲ್ಲಿ ಒಂದು ವಾರ ಯಾರೂ ಸರಿಯಾಗಿ ಕೆಲಸಕ್ಕೆ ಹೋಗ್ಲಿಲ್ಲ. ಗುರುವಾರ ಯುರೋಪ್, ಭಾನುವಾರ ಲೀಗ್, ನಡುವೆ ದೇಶದ ಸಣ್ಣ ದೊಡ್ಡ ಕ್ಲಬ್ಬುಗಳೆಲ್ಲ ಆಡೋ ರಾಜನ ಕಪ್. ಗುರುವಾರದ ಅಂಗಿಯ ತೋಳಿಗೆ ಒಂದು ಬಿಲ್ಲೆ, ಭಾನುವಾರದ್ದಕ್ಕೆ ಇನ್ನೊಂದು. ನನ್ನ ಒಗೆಯೋ ಕೋಣೇಲಿ ಎರಡು ಸಾಲು ಹಗ್ಗ ಕಟ್ಟಿದೆ. ಆಗಸ್ಟಿನಲ್ಲಿ ಮೊದಲನೇ ಮ್ಯಾಚು, ಐಸ್‌ಲ್ಯಾಂಡ್‌ನಲ್ಲಿ. ವಿಮಾನದಲ್ಲಿ ಹೋಗಬೇಕು. ನಾನು ವಿಮಾನ ಹತ್ತಿದೋಳಲ್ಲ. ನನ್ನ ತಂಗಿ ಹತ್ರ ಒಳ್ಳೆ ಕೋಟು ಇಸ್ಕೊಂಡು ಬಂದು ಗೂಟಕ್ಕೆ ನೇತುಹಾಕಿದ್ದೆ.

ಹೋಗೋರ ಪಟ್ಟಿ ಮಾಡಿದ್ದು ಅಮಾರೊ. ಅದರಲ್ಲಿ ನನ್ನ ಹೆಸರಿರ್ಲಿಲ್ಲ. ಅಧ್ಯಕ್ಷರ ಹೆಂಡತಿಯ ತಮ್ಮನ ಹೆಸರಿತ್ತು.

“ಒಂದು ಸೀಟು ಕಮ್ಮಿ ಬಿತ್ತು ಬಾಲ್ಬಿನಾ,” ಅಂದ. “ಯಾರನ್ನ ಬಿಡ್ಲಿ ಹೇಳು? ನೀನಾದ್ರೆ ನಮ್ಮೋಳು, ಅರ್ಥ ಮಾಡ್ಕೋತೀಯ ಅಂತ...”

“ಓಹೋ! ನಮ್ಮೋಳು ಅಂದ್ರೆ ಬಿಟ್ಟುಹೋಗೋಕೆ ಅನುಕೂಲ ಅಂತಾನಾ?”

“ಹಂಗಲ್ಲ ಕಣೇ...”

“ಹೋಗು, ಹೋಗು. ಅವನ ಕೈಲೇ ಅಂಗಿ ನೇತುಹಾಕಿಸು. ಎಡಗೈ ಯಾವುದು ಬಲಗೈ ಯಾವುದು ಗೊತ್ತಾ ಅವನಿಗೆ?”

ಅವತ್ತಿಂದ ಅಮಾರೊ ಹತ್ರ ಮಾತು ಬಿಟ್ಟೆ. ಅವರು ಐಸ್‌ಲ್ಯಾಂಡಿಂದ ಬಂದ ಮೇಲೆ, ನಮ್ಮೂರಿನ ಮೊದಲ ಮ್ಯಾಚಿನ ದಿನ ಬಾಗಿಲಿಗೆ ಬಂದು “ಒಂದು” ಅಂದ. ನಾನು ಮೆಷಿನ್ ಹಾಕಿದೆ, ಜೋರಾಗಿ. ಅವನು ಪಟ್ಟಿಯನ್ನ ಬಾಗಿಲಿಗೆ ಅಂಟಿಸಿ ಹೋದ. ಅಲ್ಲಿಂದ ಮುಂದೆ ಅದೇ ಪದ್ಧತಿಯಾಯ್ತು. ಅವನು ಅಂಟಿಸೋನು, ನಾನು ನೋಡ್ಕೊಂಡು ನೇತುಹಾಕೋಳು. ನನಗೆ ಹೊಟ್ಟೆ ಉರೀತಿತ್ತು, ಸುಳ್ಳು ಯಾಕೆ ಹೇಳ್ಲಿ.

ಹತ್ತೊಂಬತ್ತನೇ ನಂಬರು ಕುರ್ರೊದು. ಕಾದಿಸ್ ಕಡೆಯೋನು, ಆ ಬೇಸಿಗೇಲಿ ಹೊಸದಾಗಿ ಬಂದಿದ್ದ. ದಕ್ಷಿಣದವರ ಬಾಯಿ ಗೊತ್ತಲ್ಲ, ನನಗೇ ಮಾತಾಡೋಕೆ ಬಿಡ್ತಿರ್ಲಿಲ್ಲ. ಸೆಪ್ಟೆಂಬರಿನ ಒಂದು ಮಧ್ಯಾಹ್ನ ಕೊಳೆ ಬಟ್ಟೆ ಬುಟ್ಟಿ ಮೇಲೆ ಕೂತು ಸೂರ್ಯಕಾಂತಿ ಬೀಜ ಕಡೀತಾ ಇದ್ದ.

“ಸಿಪ್ಪೆ ನೆಲಕ್ಕೆ ಹಾಕಿದ್ರೆ ನಾಲಿಗೇಲಿ ಗುಡಿಸ್ತೀಯ,” ಅಂದೆ.

“ದೊಡ್ಡಮ್ಮಾ, ಒಂದು ವಿಷಯ. ಹೋದ ವರ್ಷ ಹಳೇ ಕ್ಲಬ್ಬಲ್ಲಿ ಇದ್ದಾಗ ಕಪ್‌ನಲ್ಲಿ ಮೂರನೇ ಹಳದಿ ತಿಂದೆ. ಅವತ್ತೇ ಸೋತು ಹೊರಗೆ ಬಿದ್ವಿ. ಒಂದು ಮ್ಯಾಚ್ ಹೊರಗೆ ಕೂರೋ ಶಿಕ್ಷೆ ಹಾಗೇ ಉಳ್ಕೊಂಡಿದೆ. ಈ ಸಲ ಮೊದಲನೇ ಕಪ್ ಮ್ಯಾಚಿಗೆ ನಾನು ಆಡೋ ಹಾಗಿಲ್ಲ. ಅಮಾರೊ ಅವರಿಗೆ ಒಂದು ಮಾತು ಹೇಳ್ಬಿಡಿ.”

“ನಿನ್ನ ಬಾಯಿ ಕಳ್ಳರು ಹೊತ್ಕೊಂಡು ಹೋದ್ರಾ?”

“ಅವರ ಟೈ ನೋಡಿದ್ರೆ ಸ್ಕೂಲ್ ಮೇಷ್ಟ್ರು ನೆನಪಾಗ್ತಾರೆ. ನೀವೇ ಹೇಳಿ ದೊಡ್ಡಮ್ಮಾ.”

“ಆಯ್ತು, ಹೇಳ್ತೀನಿ ಹೋಗು.”

ಹೇಳ್ತೀನಿ ಅಂದೆ. ಹೇಳ್ಲಿಲ್ಲ. ಮಾತು ಬಿಟ್ಟವನ ಹತ್ರ ನಾನಾಗಿ ಹೋಗಿ ಬಾಯಿ ತೆರೀಬೇಕಲ್ಲ, ಅದೊಂದು. ಅವನೇ ಮೊದಲು ಬರಲಿ ಅಂತ ಕಾದೆ, ಅದೊಂದು. ಆಮೇಲೆ ಗುರುವಾರ ಭಾನುವಾರ ಗುರುವಾರ ಭಾನುವಾರ ಅಂತ ಬಟ್ಟೆ ರಾಶಿ ಬೀಳ್ತಾ ಹೋಯ್ತು, ಮರ್ತೇಬಿಟ್ಟೆ.

ಅಕ್ಟೋಬರ್ ಕೊನೇಲಿ ಕಪ್ ಶುರುವಾಯ್ತು. ಮೊದಲ ಸುತ್ತು ಸೊಟೆಲ್ಯೊ ಅನ್ನೋ ಹಳ್ಳಿಯ ಮೇಲೆ. ಬಸ್ಸಲ್ಲಿ ಹೋಗೋ ದೂರ, ನಾನೂ ಹೋಗಿದ್ದೆ. ಅವರ ಗೋಲ್‌ಕೀಪರ್ ಬೇಕರಿಯವನು, ನಾಯಕ ಅಂಚೆ ಹಂಚೋನು. ಮೈದಾನದ ಒಂದು ಕಡೆ ಹಸು ಮೇಯ್ತಿದ್ವು. ನಾಲ್ಕು ಗೋಲಿನಿಂದ ಗೆದ್ವಿ. ಎಪ್ಪತ್ತನೇ ನಿಮಿಷಕ್ಕೆ ಕೋಚು ಕುರ್ರೊನ ಆಟಕ್ಕೆ ಇಳಿಸಿದ್ರು. ಅವತ್ತು ಅಲ್ಲಿನ ಬಾಗಿಲಿಗೆ ಅಂಟಿಸಿದ್ದ ಪಟ್ಟಿ ನೋಡಿ ಹತ್ತೊಂಬತ್ತನ್ನ ಕೊಕ್ಕೆಗೆ ಹಾಕಿದ್ದು ಇದೇ ಕೈ. ಒಂದು ಚೂರೂ ನೆನಪಾಗ್ಲಿಲ್ಲ. ಅವನು ನಂಬರ್ ಕೂಗಿ, ನಾನು ಹೆಸರು ಕೂಗಿ, “ಬೇರೆ ಏನಾದ್ರೂ ಇದ್ಯಾ” ಅಂತ ಅವನು ಕೇಳಿದ್ದಿದ್ರೆ ನೆನಪಾಗೇ ಆಗ್ತಿತ್ತು. ಇದನ್ನ ನಾನು ಆಮೇಲೆ ಸಾವಿರ ಸಲ ಯೋಚನೆ ಮಾಡಿದೀನಿ.

ಎರಡು ದಿನಕ್ಕೆ ಹಳ್ಳಿಯವರು ದೂರು ಕೊಟ್ರು. ಶಿಕ್ಷೆ ಇರೋನನ್ನ ಆಡಿಸಿದ್ದಾರೆ ಅಂತ. ಕಪ್ ನಡೆಸೋರು ಕಾಗದಪತ್ರ ನೋಡಿದ್ರು, ಸತ್ಯ. ನಾವು ಹೊರಗೆ, ಹಸು ಮೇಯೋ ಮೈದಾನದವರು ಎರಡನೇ ಸುತ್ತಿಗೆ. ಯುರೋಪಿನಲ್ಲಿ ಆಡೋ ಟೀಮು ಬೇಕರಿಯವನಿಗೆ ಕಪ್ ಬಿಟ್ಟುಕೊಟ್ಟು ಬಂತು ಅಂತ ರೇಡಿಯೋದಲ್ಲಿ ಮೂರು ದಿನ ನಗಾಡಿದ್ರು. ಕುರ್ರೊನ ಪತ್ರಿಕೆಯವರು ಹಿಡ್ಕೊಂಡ್ರು. “ನಾನು ಕ್ಲಬ್ಬಿಗೆ ಮೊದಲೇ ಹೇಳಿದ್ದೆ,” ಅಂದ. ಅವನು ಅಂದಿದ್ದರಲ್ಲಿ ತಪ್ಪೇನಿತ್ತು? ಅವನ ಲೆಕ್ಕದಲ್ಲಿ ಹೇಳೇ ಇದ್ದ. ಆಡಿಸಿದಾಗ, ಅಮಾರೊ ನೋಡಿರ್ತಾರೆ, ಶಿಕ್ಷೆ ಕಳೆದಿರಬೇಕು ಅಂದ್ಕೊಂಡು ಇಳಿದಿದ್ದ.

ಅಧ್ಯಕ್ಷರು ದೋನ್ ಸೆವೆರಿನೊ ಎಲ್ಲರನ್ನೂ ಸಭೆಯ ಕೋಣೆಗೆ ಕರೆದ್ರು. ನಾನು ಟವೆಲ್ ರಾಶಿ ಹಿಡ್ಕೊಂಡು ಬಾಗಿಲ ಹತ್ರ ನಿಂತಿದ್ದೆ.

“ಹುಡುಗ ಹೇಳಿದ್ದೆ ಅಂತಾನೆ,” ಅಂದ್ರು ಅಧ್ಯಕ್ಷರು. “ಕ್ಲಬ್ಬಲ್ಲಿ ಇಂಥದ್ದನ್ನ ಯಾರಿಗೆ ಹೇಳ್ತಾರೆ? ನಿಮಗೇ ತಾನೇ?”

ಅಮಾರೊ ತನ್ನ ನೋಟ್‌ಬುಕ್ ತೆರೆದ. ಹಾಳೆ ತಿರುಗಿಸಿದ, ಮತ್ತೆ ತಿರುಗಿಸಿದ. ಕಿವಿ ಕೆಂಪಗಾಗಿತ್ತು.

“ಹೇಳಿರಬೇಕು,” ಅಂದ. “ನಾನು ಮರ್ತಿರಬೇಕು. ನನಗೆ ನೆನಪಿಲ್ಲ.”

ಆಗ ನೆನಪಾಯ್ತು ನೋಡಿ, ಬುಟ್ಟಿ, ಬೀಜ, ಮೂರನೇ ಹಳದಿ, ಎಲ್ಲ. ಬಾಯಿ ತೆರೀಬೇಕಿತ್ತು. ಒಂದು ಕ್ಷಣ, ಒಂದೇ ಕ್ಷಣ, ‘ಆಗಲಿ, ನನ್ನ ಬಿಟ್ಟು ವಿಮಾನದಲ್ಲಿ ಹೋದೆಯಲ್ಲ’ ಅಂತ ಮನಸ್ಸಿಗೆ ಬಂತು. ಅದು ಹೋಗೋ ಹೊತ್ತಿಗೆ ಭಯ ಬಂತು. ಗಂಡ ಇಲ್ಲದೋಳು, ಅರವತ್ತೊಂದು ವರ್ಷ, ಈ ಕೆಲಸ ಬಿಟ್ರೆ ನನಗೆ ಇನ್ನೇನಿದೆ? ಟವೆಲ್ ಇಟ್ಟು ಹೊರಗೆ ಬಂದುಬಿಟ್ಟೆ.

ಸಂಜೆ ಕುರ್ರೊ ಒಗೆಯೋ ಕೋಣೆಗೆ ಬಂದ. ಮುಖ ಬಾಡಿತ್ತು.

“ದೊಡ್ಡಮ್ಮಾ, ನೀವು ಅವರಿಗೆ ಹೇಳಿದ್ರಿ ತಾನೇ?”

“ಹೇಳಿದೆ,” ಅಂದೆ.

ಅಷ್ಟೇ. ಮೂರಕ್ಷರ. ಅವನು ತಲೆಯಾಡಿಸಿ, “ಪಾಪ, ವಯಸ್ಸಾಯ್ತಲ್ಲ,” ಅಂತ ಹೊರಟುಹೋದ. ಮರುದಿನ ಅಮಾರೊ ಬೀಗದ ಕೈಗಳನ್ನ ಅಧ್ಯಕ್ಷರ ಮೇಜಿನ ಮೇಲಿಟ್ಟು ಮನೆಗೆ ಹೋದ. ಯಾರೂ ತಡೀಲಿಲ್ಲ. ಅವನ ಜಾಗಕ್ಕೆ ಕಂಪ್ಯೂಟರ್ ಹಿಡ್ಕೊಂಡ ಒಬ್ಬ ಬಂದ. ಒಳ್ಳೆಯವನೇ. ಅವನೂ ಪಟ್ಟಿ ಅಂಟಿಸಿ ಹೋಗೋನು.

ಆಮೇಲೆ ನಡೆದಿದ್ದು ಊರೆಲ್ಲ ಬಲ್ಲದು. ಗುರುವಾರಗಳಂದು ನಾವು ಸಿಂಹಗಳು. ಪೋಲೆಂಡಿನವರನ್ನ ನಮ್ಮ ಮೈದಾನದಲ್ಲೇ ಮೂರು ಗೋಲಿನಿಂದ ಸೋಲಿಸಿ ಕಳಿಸಿದ್ವಿ. ಸೈಪ್ರಸ್‌ನಲ್ಲಿ ಕೊನೇ ನಿಮಿಷಕ್ಕೆ ಗೆದ್ವಿ. ಗುರುವಾರದ ಸುಸ್ತು ಭಾನುವಾರಕ್ಕೆ ಬಾಕಿ ಇರ್ತಿತ್ತು, ಹಂಗಾಗಿ ಲೀಗಿನಲ್ಲಿ ಕೈ ಕಾಲು ಬಿಟ್ಟು ಕೆಳಕ್ಕೆ ಜಾರ್ತಾ ಹೋದ್ವಿ. ಮಾರ್ಚಿನ ಹೊತ್ತಿಗೆ ಕೆಳಗಿಂದ ನಾಲ್ಕನೇ ಜಾಗ. ಕೊನೇ ಮೂವರು ಎರಡನೇ ದರ್ಜೆಗೆ ಇಳಿಯಬೇಕು. ಬಾರಿನಲ್ಲಿ ಕೂತು ಜನ ಗುರುವಾರ ಕುಣಿಯೋರು, ಭಾನುವಾರ ಅಳೋರು. ಯಾರಾದರೂ ತಪ್ಪು ಪಾಸ್ ಕೊಟ್ರೆ “ಏ, ಅಮಾರೊ ಆಗ್ಬೇಡ್ವೋ!” ಅಂತ ಕೂಗೋದು ಮೈದಾನದಲ್ಲಿ ರೂಢಿಯಾಯ್ತು. ನಗೋರು. ನಾನು ಎದ್ದು ಒಗೆಯೋ ಕೋಣೆಗೆ ಬಂದುಬಿಡ್ತಿದ್ದೆ. ಈ ವಾರ ಹೇಳ್ತೀನಿ, ಯುರೋಪ್ ಮುಗೀಲಿ ಹೇಳ್ತೀನಿ ಅಂತ ಮುಂದಕ್ಕೆ ಹಾಕ್ತಾ ಹೋದೆ. ದಿನ ಕಳೆದಷ್ಟೂ ಆ ಮೂರಕ್ಷರ ಭಾರ ಆಗ್ತಾ ಹೋಯ್ತು.

ಏಪ್ರಿಲ್‌ನಲ್ಲಿ ಡೆನ್ಮಾರ್ಕಿನವರು ನಮ್ಮನ್ನ ಕ್ವಾರ್ಟರ್ ಫೈನಲ್‌ನಲ್ಲಿ ಸೋಲಿಸಿ ಯುರೋಪಿನಿಂದ ಹೊರಗೆ ಹಾಕಿದ್ರು. ಮರುದಿನ ಬೆಳಿಗ್ಗೆ ಗುರುವಾರದ ಅಂಗಿಗಳನ್ನ ಕೊನೇ ಸಲ ಒಗೀತಾ ಇದ್ದೆ. ಡೆಲ್ಫಿನಾ ಬಂದ್ಲು, ಅಮಾರೊನ ಹೆಂಡತಿ. ಛತ್ರಿ ಮಡಚಿ ಮೂಲೇಲಿಟ್ಟು, ಬುಟ್ಟಿ ಮೇಲೆ ಕೂತ್ಲು. ಕುರ್ರೊ ಕೂತಿದ್ದ ಅದೇ ಬುಟ್ಟಿ.

“ಬಾಲ್ಬಿನಾ, ನಿಮ್ಮಿಬ್ಬರ ಮಧ್ಯೆ ಏನಿದೆಯೋ ನನಗೆ ಬೇಡ,” ಅಂದ್ಲು. “ಆದ್ರೆ ಇಪ್ಪತ್ತೆಂಟು ವರ್ಷ ಅವನ ಜೊತೆ ಕೆಲಸ ಮಾಡಿದೋಳು ನೀನು. ಒಂದು ಕೇಳ್ತೀನಿ, ನಿಜ ಹೇಳು. ಅವನು ಮೊದಲೂ ಹಂಗೆ ಮರೀತಿದ್ನಾ? ನನಗೆ ಗೊತ್ತಾಗದ ಹಾಗೆ?”

“ಯಾಕೆ?”

“ಅವನಮ್ಮ ಕೊನೇಲಿ ಹೆತ್ತ ಮಗನ್ನೇ ‘ನೀವ್ಯಾರಪ್ಪ’ ಅಂತ ಕೇಳ್ತಿದ್ದಿದ್ದು ನಿನಗೆ ಗೊತ್ತಲ್ಲ. ತನಗೂ ಅದೇ ಶುರುವಾಗಿದೆ ಅಂತಾನೆ. ಮನೆ ತುಂಬ ಚೀಟಿ ಅಂಟಿಸಿದ್ದಾನೆ. ಒಲೆ ಆರಿಸು. ಬೀಗದ ಕೈ ಬಲಗಡೆ ಜೇಬು. ಕಾರು ಮಾರಿಬಿಟ್ಟ, ದಾರಿ ತಪ್ಪಿದ್ರೆ ಅಂತ. ಕನ್ನಡಿ ಮೇಲೆ ಏನು ಬರೆದಿದ್ದಾನೆ ಗೊತ್ತಾ? ‘ಡೆಲ್ಫಿನಾ ಹುಟ್ಟಿದಹಬ್ಬ ಮೇ ಒಂಬತ್ತು.’ ನಲವತ್ತು ವರ್ಷದಲ್ಲಿ ಒಂದು ಸಲಾನೂ ಮರೀದೇ ಇದ್ದೋನು, ಬಾಲ್ಬಿನಾ.” ಅವಳು ಕೋಟಿನ ತೋಳಲ್ಲೇ ಕಣ್ಣೊರೆಸಿಕೊಂಡ್ಲು. “ಮುಂದಿನ ವಾರ ಸಾಂತಿಯಾಗೊದಲ್ಲಿ ದೊಡ್ಡ ಡಾಕ್ಟರ್ ಹತ್ರ ಹೋಗ್ತೀವಿ.”

ನಾನು ಮೆಷಿನ್ ನಿಲ್ಲಿಸಿದೆ. ಆಗಲೂ ಹೇಳ್ಲಿಲ್ಲ ಅಂದ್ರೆ ನಂಬ್ತೀರಾ? ಅವಳಿಗೆ ಹೇಳೋ ಮಾತಲ್ಲ ಅದು, ಅವನಿಗೆ ಹೇಳಬೇಕಾಗಿದ್ದು. “ಮರೀತಿರ್ಲಿಲ್ಲ,” ಅಂದೆ. “ನಾಳೆ ಬರ್ತೀನಿ ನಿಮ್ಮನೆಗೆ.”

ಮರುದಿನ ಹನ್ನೊಂದು ಗಂಟೆಗೆ ಹೋದೆ. ಅಮಾರೊ ಹಿತ್ತಲಲ್ಲಿ ಎಲೆಕೋಸಿಗೆ ಮಣ್ಣು ಏರಿಸ್ತಿದ್ದ. ಟೈ ಇರ್ಲಿಲ್ಲ. ಗಡ್ಡ ಬಿಟ್ಟಿದ್ದ. ನನ್ನ ನೋಡಿ ಗುದ್ದಲಿ ಬಿಟ್ಟು ಎದ್ದು ನಿಂತ.

“ಏನೇ ಬಾಲ್ಬಿನಾ, ದಾರಿ ತಪ್ಪಿದ್ಯಾ? ತಪ್ಪೋನು ನಾನು, ನೀನಲ್ಲ,” ಅಂದು ನಗೋಕೆ ನೋಡಿದ.

“ಕೂತ್ಕೋ ಅಮಾರೊ.”

“ಹೇಳು, ನಿಂತೇ ಕೇಳ್ತೀನಿ.”

“ಕುರ್ರೊ ನಿನಗೆ ಹೇಳ್ಲಿಲ್ಲ. ನನಗೆ ಹೇಳಿದ್ದ. ಸೆಪ್ಟೆಂಬರಲ್ಲಿ, ಬುಟ್ಟಿ ಮೇಲೆ ಕೂತು. ನಿನಗೆ ಹೇಳು ಅಂದ. ಮಾತು ಬಿಟ್ಟಿದ್ದೆ, ಹೇಳ್ಲಿಲ್ಲ. ಆಮೇಲೆ ಮರ್ತೆ. ಮರ್ತಿದ್ದು ನಾನು, ನೀನಲ್ಲ. ಸಭೇಲಿ ನೀನು ನೋಟ್‌ಬುಕ್ ತಿರುಗಿಸ್ತಿದ್ದಾಗ ನಾನು ಅಲ್ಲೇ ನಿಂತಿದ್ದೆ. ಕುರ್ರೊ ಬಂದು ಕೇಳ್ದಾಗ, ಹೇಳಿದೀನಿ ಅಂತ ಸುಳ್ಳು ಹೇಳ್ದೆ.”

ಉಸಿರು ತೊಗೊಳ್ದೆ ಹೇಳಿಬಿಟ್ಟೆ. ಅವನು ಎಲೆಕೋಸಿನ ಸಾಲಿನ ಪಕ್ಕದ ಕಲ್ಲಿನ ಮೇಲೆ ನಿಧಾನವಾಗಿ ಕೂತ.

“ನನಗೆ ಹೇಳ್ಲಿಲ್ಲ?”

“ಇಲ್ಲ.”

“ಯಾರೂ ಹೇಳ್ಲಿಲ್ಲ?”

“ಯಾರೂ ಇಲ್ಲ.”

“ನೋಟ್‌ಬುಕ್ಕಲ್ಲಿ ಇಲ್ಲದೇ ಇದ್ದಿದ್ದು, ನಾನು ಬರ್ಕೊಳ್ಳೋದು ಮರ್ತು ಅಲ್ಲ?”

“ಅಲ್ಲ ಅಮಾರೊ. ನಿನ್ನ ತಲೆ ಸರಿಯಾಗಿದೆ. ಕೆಟ್ಟಿದ್ದು ನನ್ನ ಬುದ್ಧಿ.”

ಅವನು ಎರಡೂ ಕೈಲಿ ಮುಖ ಮುಚ್ಕೊಂಡ. ಕೈಗೆಲ್ಲ ಮಣ್ಣಿತ್ತು. ಭುಜ ಅಲುಗಾಡ್ತಿತ್ತು. ಗಂಡಸು ಅಳೋದು ನಾನು ನೋಡದ್ದೇನಲ್ಲ, ಸೋತ ದಿನ ಇಪ್ಪತ್ತಮೂರು ಜನ ಒಟ್ಟಿಗೆ ಅಳ್ತಾರೆ ನಮ್ಮಲ್ಲಿ. ಆದ್ರೆ ಇದು ಬೇರೆ. ಇವನು ಸಮಾಧಾನಕ್ಕೆ ಅಳ್ತಿದ್ದ. ನನಗೂ ಸ್ವಲ್ಪ ಧೈರ್ಯ ಬಂತು, ಒಂದು ಹೆಜ್ಜೆ ಮುಂದೆ ಇಟ್ಟೆ.

ಅಷ್ಟರಲ್ಲಿ ಅವನು ತಲೆ ಎತ್ತಿದ. ಮುಖದ ಮೇಲೆ ಮಣ್ಣಿನ ಗೆರೆ.

“ಆರು ತಿಂಗಳು,” ಅಂದ. ಮೆಲ್ಲಗೇ ಅಂದ. “ಬೆಳಿಗ್ಗೆ ಎದ್ದ ತಕ್ಷಣ ನಾನೇನು ಮಾಡ್ತೀನಿ ಗೊತ್ತಾ? ಡೆಲ್ಫಿನಾ ಮುಖ ನೋಡಿ, ಅವಳ ಹೆಸರು ಹೇಳ್ಕೋತೀನಿ. ಇವತ್ತೂ ನೆನಪಿದೆ, ದೇವರು ದೊಡ್ಡೋನು ಅಂತ. ಆರು ತಿಂಗಳು ದಿನಾ. ಕಪ್ ಹೋಯ್ತು, ಹೋಗ್ಲಿ. ಕೆಲಸ ಹೋಯ್ತು, ಹೋಗ್ಲಿ. ಇದನ್ನ ಹೆಂಗೇ ಮಾಡಿದೆ ನೀನು?”

ನಾನು ಬಿದ್ದಿದ್ದ ಗುದ್ದಲಿ ಎತ್ತಿ ಗೋಡೆಗೆ ಒರಗಿಸಿದೆ.

“ನಡಿ,” ಅಂದ. “ನನ್ನ ಹಿತ್ತಲಿಂದ ಆಚೆ ನಡಿ.”

ನಡೆದೆ. ಗೇಟಿನ ಹತ್ರ ಹಿಂದಿರುಗಿ ನೋಡಿದ್ರೆ ಅವನು ಅಡಿಗೆಮನೆ ಬಾಗಿಲಿಗೆ ಅಂಟಿಸಿದ್ದ ಚೀಟಿಯೊಂದನ್ನ ಕೀಳ್ತಾ ಇದ್ದ. ಒಳಗಿಂದ ಡೆಲ್ಫಿನಾ ಏನಾಯ್ತು ಏನಾಯ್ತು ಅಂತ ಕೇಳೋದು ಕೇಳಿಸ್ತು.

ಅಲ್ಲಿಂದ ಸೀದಾ ಅಧ್ಯಕ್ಷರ ಹತ್ರ ಹೋದೆ. ಎಲ್ಲ ಹೇಳ್ದೆ. ನನ್ನ ಕೆಲಸದಿಂದ ತೆಗೆದ್ರೂ ಸರಿ, ಅಮಾರೊ ತಪ್ಪಿಲ್ಲ ಅಂತ ಪತ್ರಿಕೇಲಿ ಹಾಕಿಸಿ ಅಂದೆ. ದೋನ್ ಸೆವೆರಿನೊ ಕನ್ನಡಕ ಒರೆಸ್ತಾ ಕೇಳಿದ್ರು.

“ನೋಡು ಬಾಲ್ಬಿನಾ, ಪಟ್ಟಿಯ ಜವಾಬ್ದಾರಿ ಪ್ರತಿನಿಧಿದು. ಬಟ್ಟೆ ಒಗೆಯೋರ ಕಿವಿಗೆ ಬಿದ್ದ ಮಾತಿಗೆಲ್ಲ ಕ್ಲಬ್ಬು ಪ್ರಕಟಣೆ ಕೊಡೋಕಾಗುತ್ತಾ? ಮುಗಿದ ವಿಷಯ. ಹೋಗು, ಅಂಗಿ ನೋಡ್ಕೋ.”

ನನ್ನ ತಪ್ಪನ್ನೂ ತಪ್ಪು ಅಂತ ಲೆಕ್ಕಕ್ಕಿಡ್ಲಿಲ್ಲ ಪುಣ್ಯಾತ್ಮ. ಮೈಯೆಲ್ಲ ಉರಿದುಹೋಯ್ತು. ಪತ್ರಿಕೆ ಯಾಕೆ ಬೇಕು, ನನಗೆ ಬಾಯಿಲ್ವಾ? ಭಾನುವಾರ ಮ್ಯಾಚಿಗೆ ಮುಂಚೆ ಅಭಿಮಾನಿಗಳೆಲ್ಲ ಸೇರೋ ಬಾರಿಗೆ ಹೋದೆ. ಒಳಗೆ ನೂರು ಜನ, ಆಕ್ಟೋಪಸ್ ತಟ್ಟೆ ವೈನ್ ಬಟ್ಟಲು ಹಿಡ್ಕೊಂಡು ಗದ್ದಲ. ಕುರ್ಚಿ ಹತ್ತಿ ನಿಂತೆ.

“ಅಮಾರೊ ಆಗ್ಬೇಡ ಅಂತ ಕೂಗ್ತೀರಲ್ಲ, ಇನ್ಮೇಲೆ ಬಾಲ್ಬಿನಾ ಆಗ್ಬೇಡ ಅಂತ ಕೂಗಿ!” ಅಂತ ಶುರುಮಾಡಿ ಎಲ್ಲ ಹೇಳ್ದೆ. ಯಾರೂ ನಗ್ಲಿಲ್ಲ. ಮೂಲೆಯಿಂದ ಒಬ್ಬ, “ಥೂ, ನಿನ್ನ ಬಾಯಿಗಿಷ್ಟು! ಬೇಡದ್ದೆಲ್ಲ ಬೊಗಳ್ತೀಯ, ಬೇಕಾದ್ದು ಒಂದು ಹೇಳೋಕಾಗ್ಲಿಲ್ವಾ?” ಅಂದ. ಸರಿಯಾಗೇ ಅಂದ. ಕುರ್ಚಿಯಿಂದ ಇಳಿಯೋವಾಗ ಯಾರೂ ಕೈ ಕೊಡ್ಲಿಲ್ಲ. ಮೀನಿನ ಅಂಗಡೀಲಿ ಎರಡು ವಾರ ನನ್ನ ಸರದಿ ಕೊನೇಗೇ ಬರ್ತಿತ್ತು. ಕುರ್ರೊ ನನ್ನನ್ನ ದೊಡ್ಡಮ್ಮಾ ಅನ್ನೋದು ಬಿಟ್ಟ. “ಬಾಲ್ಬಿನಾ ಅವರೇ, ಕಾಲುಚೀಲ ಕೊಡಿ,” ಅಂತಿದ್ದ. ಅಷ್ಟು ಮರ್ಯಾದೆ ನನಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಮೈದಾನದಲ್ಲಿ ಮಾತ್ರ ಅಮಾರೊ ಹೆಸರು ಕೂಗೋದು ನಿಂತುಹೋಯ್ತು. ಸಾಂತಿಯಾಗೊದ ಡಾಕ್ಟರನ್ನ ಅವರು ನೋಡೋಕೇ ಹೋಗ್ಲಿಲ್ಲ ಅಂತ ಕೇಳ್ದೆ. ಮೇ ಒಂಬತ್ತಕ್ಕೆ ಡೆಲ್ಫಿನಾ ಹೊಸ ಬೂಟು ಹಾಕ್ಕೊಂಡು ಚರ್ಚಿಗೆ ಬಂದಿದ್ಲು. ನನ್ನ ನೋಡಿ ತಲೆಯಾಡಿಸಿದ್ಲು, ನಿಲ್ಲಲಿಲ್ಲ. ಅಮಾರೊ ಮಾತ್ರ ಎಲ್ಲೂ ಕಾಣಿಸ್ಲಿಲ್ಲ. ಕ್ಲಬ್ಬಿನವರು ವಾಪಸ್ ಕರೀಲೂ ಇಲ್ಲ.

ಮೇ ಕೊನೇ ಭಾನುವಾರ, ಲೀಗಿನ ಕೊನೇ ಮ್ಯಾಚು, ನಮ್ಮ ಮೈದಾನದಲ್ಲೇ. ಡ್ರಾ ಆದ್ರೂ ಸಾಕು, ಮೊದಲ ದರ್ಜೇಲಿ ಉಳ್ಕೊಳ್ತೀವಿ. ಸೋತ್ರೆ ಕೆಳಗೆ. ಉಳ್ಕೊಂಡ್ವಿ, ಈಗಲೇ ಹೇಳಿಬಿಡ್ತೀನಿ, ಒಂದು-ಒಂದು, ಉಷಿಯೊ ಕೊನೇಲಿ ಪೆನಾಲ್ಟಿ ಹಿಡಿದ. ಆದ್ರೆ ನನಗೆ ಅವತ್ತಿನ ಮ್ಯಾಚು ಅಂದ್ರೆ ಅದಲ್ಲ.

ಮಧ್ಯಾಹ್ನ ಎರಡು ಗಂಟೆ. ಮಳೆ ಬಿಟ್ಟು ಬಿಸಿಲು ಬಂದಿತ್ತು. ಕಿಟಕಿ ತೆರೆದಿಟ್ಟು ಅಂಗಿ ಮಡಚ್ತಾ ಇದ್ದೆ. ಒಗೆಯೋ ಕೋಣೆಯ ಕಿಟಕಿ ಹಿಂದಿನ ಓಣಿಗೆ ತೆರೆಯುತ್ತೆ. ಹೊಸ ಪ್ರತಿನಿಧಿಯ ಪಟ್ಟಿ ಬಾಗಿಲ ಮೇಲಿತ್ತು. ಇನ್ನೂ ಒಂದೂ ಅಂಗಿ ಕೊಕ್ಕೆಗೆ ಹಾಕಿರ್ಲಿಲ್ಲ.

“ಒಂದು,” ಅಂತ ಕೇಳಿಸ್ತು.

ತಿರುಗಿ ನೋಡ್ದೆ. ಕಿಟಕಿಯಾಚೆ ಅಮಾರೊ ನಿಂತಿದ್ದ. ಗಡ್ಡ ತೆಗೆದಿದ್ದ, ಟೈ ಕಟ್ಟಿದ್ದ. ಎರಡೂ ಕೈ ಎದೆ ಮುಂದೆ ಕಟ್ಕೊಂಡಿದ್ದ. ಕೈಯಲ್ಲಿ ಕಾಗದ ಇರ್ಲಿಲ್ಲ, ನೋಟ್‌ಬುಕ್ ಇರ್ಲಿಲ್ಲ. ನನ್ನ ಮುಖ ನೋಡ್ಲಿಲ್ಲ, ಗೋಡೆ ನೋಡ್ತಿದ್ದ.

ಕೈಲಿದ್ದ ಅಂಗಿ ಕೆಳಗಿಟ್ಟು ಒಂದನೇ ನಂಬರಿನದನ್ನ ತೊಗೊಂಡೆ. “ಉಷಿಯೊ,” ಅಂದೆ. “ಹೆಬ್ಬೆರಳು ವಾಸಿಯಾಗಿದೆ.”

“ಬೇರೆ ಏನಾದ್ರೂ ಇದ್ಯಾ?”

“ಇಲ್ಲ.”

“ಎರಡು.”

ಒಂದೊಂದೇ ಅಂಗಿ ಎತ್ತಿದೆ, ಒಂದೊಂದೇ ಹೆಸರು ಹೇಳ್ದೆ. ನಾಲ್ಕನ್ನ ಬಿಟ್ಟು ಐದಕ್ಕೆ ಹೋದ, ನಾಲ್ಕರವನಿಗೆ ಮಂಡಿ ಪೆಟ್ಟಾಗಿತ್ತು. ಹನ್ನೊಂದನ್ನ ಬಿಟ್ಟ, ಅವನಿಗೆ ಹಿಂದಿನ ವಾರ ಐದನೇ ಹಳದಿ, ಲೀಗಿನಲ್ಲಿ ಐದಾದ್ರೆ ಒಂದು ಮ್ಯಾಚ್ ಹೊರಗೆ. ನಾನು ಕಳ್ಳಗಣ್ಣಲ್ಲಿ ಬಾಗಿಲ ಪಟ್ಟಿ ನೋಡ್ತಿದ್ದೆ. ಮನೇಲಿ ಕೂತ ಮನುಷ್ಯ, ಬರೀ ರೇಡಿಯೋ ಕೇಳ್ಕೊಂಡು, ಎಲ್ಲ ತಲೇಲೇ ಇಟ್ಟಿದ್ದ. ಒಂದೂ ತಪ್ಪಿರ್ಲಿಲ್ಲ.

“ಹದಿನೆಂಟು.”

“ಬ್ರಾಯಿಸ್. ಹೊಸ ಬೂಟು ಕಚ್ತಾ ಇದೆ, ಹಳೇದೇ ಹಾಕ್ಕೊಳ್ತಾನಂತೆ.”

“ಬೇರೆ ಏನಾದ್ರೂ ಇದ್ಯಾ?”

“ಇಲ್ಲ.”

“ಹತ್ತೊಂಬತ್ತು.”

ಅಲ್ಲಿ ನಿಂತ. ಆಗ ಮೊದಲನೇ ಸಲ ನನ್ನ ಮುಖ ನೋಡಿದ. ಹತ್ತೊಂಬತ್ತನೇ ಅಂಗಿ ನನ್ನ ಕೈಲಿತ್ತು, ಇಸ್ತ್ರಿಯ ಬಿಸಿ ಇನ್ನೂ ಆರಿರ್ಲಿಲ್ಲ.

“ಕುರ್ರೊ,” ಅಂದೆ. “ಲೀಗಿನಲ್ಲಿ ನಾಲ್ಕು ಹಳದಿ. ಶಿಕ್ಷೆ ಏನೂ ಇಲ್ಲ. ಬೆಳಿಗ್ಗೆ ಅವನನ್ನೇ ನಿಲ್ಲಿಸಿ ಕೇಳ್ದೆ. ಆಫೀಸಿಗೂ ಹೋಗಿ ಕೇಳ್ದೆ.”

“ಬೇರೆ ಏನಾದ್ರೂ ಇದ್ಯಾ?”

“ಇದೆ,” ಅಂದೆ. “ತಪ್ಪಾಯ್ತು ಅಮಾರೊ.”

ಅವತ್ತು ಹಿತ್ತಲಲ್ಲಿ ಅಷ್ಟೆಲ್ಲ ಹೇಳಿದ್ದೆ, ಇದೊಂದು ಹೇಳಿರ್ಲಿಲ್ಲ. ಅವನು ಟೈ ಸರಿಮಾಡ್ಕೊಂಡ. ಓಣಿಯ ಆ ತುದೀಲಿ ಜನ ಹಾಡ್ತಾ ಮೈದಾನದ ಕಡೆ ಹೋಗೋದು ಕೇಳಿಸ್ತಿತ್ತು.

“ಇಪ್ಪತ್ತು,” ಅಂದ.